ಪರ್ವಾಗಿಲ್ಲ ಬಿಡಿ ಅಕ್ಕ

ಸೋಮವಾರದಿಂದ ಇದೊಂದೇ ಮಾತು ತಲೇಲಿ ಓಡ್ತಿದೆ. ಬಸ್ಸಲ್ಲಿ ನನ್ನ ಪರ್ಸ್ ಹೋಯ್ತು, ಹಿಂದೆ ನಿಂತಿದ್ದ ಹುಡುಗನ್ನ ತೋರಿಸಿ ಇವ್ನೇ, ಬ್ಯಾಗಿಗೆ ಕೈ ಹಾಕಿದ್ದು ಕಣ್ಣಾರೆ ನೋಡಿದೀನಿ ಅಂದ್ಬಿಟ್ಟೆ, ಯಾರೋ ಬಂದು ಕೊರಳಪಟ್ಟಿ ಹಿಡಿದ್ರು (ಅಂಥವರಿಗೆ ಒಂದು ನೆಪ ಸಿಕ್ಕರೆ ಸಾಕು), ಕಂಡಕ್ಟರ್ ಅವನ ಬ್ಯಾಗ್ ಸುರಿದ್ರೆ ಟಿಫಿನ್ ಡಬ್ಬಿ, ಮಡಚಿಟ್ಟ ಟವೆಲ್ಲು, ಅಷ್ಟೇ. ಆಗ ಮುಂದಿನ ಸೀಟಿನ ಅಜ್ಜಿ, "ಕೆಂಪು ಪರ್ಸ್ ಹಿಡ್ಕೊಂಡು ಒಬ್ಬ ಹಿಂದಿನ ಸ್ಟಾಪಲ್ಲೇ ಇಳಿದ್ನಲ್ಲಮ್ಮಾ" ಅಂದ್ರು. ಹುಡುಗ ಡಬ್ಬಿ ಒರೆಸಿ ಒಳಗಿಟ್ಕೊಂಡ. "ಪರ್ವಾಗಿಲ್ಲ ಬಿಡಿ ಅಕ್ಕ."

ರಾತ್ರಿ ನಿದ್ದೆ ಬರ್ಲಿಲ್ಲ. ಹಿಂದೆ ಓದಿದ್ದ ಜೆನ್ನಿಫರ್ ಥಾಂಪ್ಸನ್ ಕಥೆ ಹುಡುಕಿ ಮತ್ತೆ ಓದಿದೆ. 1984, ಅಮೆರಿಕದ ನಾರ್ತ್ ಕೆರೊಲಿನಾ. ಕಾಲೇಜು ಓದ್ತಿದ್ದ 22 ವರ್ಷದ ಹುಡುಗಿ, ರಾತ್ರಿ ಮನೆಗೆ ನುಗ್ಗಿ ಅತ್ಯಾಚಾರ ಮಾಡಿದವನ ಮುಖಾನ ಬೇಕಂತ್ಲೇ ದಿಟ್ಟಿಸಿ ನೋಡಿದ್ಲು, ಬದುಕುಳಿದ್ರೆ ಇವನನ್ನ ಹಿಡಿಸ್ಲೇಬೇಕು ಅಂತ. ಪೊಲೀಸ್ರು ತೋರಿಸಿದ ಫೋಟೋಗಳಲ್ಲಿ ರೊನಾಲ್ಡ್ ಕಾಟನ್‌ನ ತೋರಿಸಿದ್ಲು, ಆಮೇಲೆ ಕೆಲವರನ್ನ ಸಾಲಾಗಿ ನಿಲ್ಲಿಸಿದಾಗ್ಲೂ ಅವನನ್ನೇ. ಫೋಟೋದಲ್ಲಿ ನೀನು ತೋರಿಸಿದ್ದೂ ಇವನನ್ನೇ ಅಂತ ಪೊಲೀಸ್ರು ಹೇಳಿದ್ರು. ನನಗೆ ಸಿಟ್ಟು ಬರೋದು ಆ ಮಾತಿನ ಮೇಲೆ. ಇದ್ದ ಚೂರುಪಾರು ಅನುಮಾನಾನೂ ಹೋಗಿ ಫೋಟೋದ ಮುಖಾನೇ ಆ ರಾತ್ರಿಯ ಮುಖ ಆಗಿ ಕೂತ್ಬಿಡ್ತು. ಎಷ್ಟು ಅಂದ್ರೆ, 1987ರ ಮರುವಿಚಾರಣೆಯಲ್ಲಿ ನಿಜವಾಗ್ಲೂ ಆ ಕೆಲಸ ಮಾಡಿದ್ದ ಬಾಬಿ ಪೂಲ್‌ನ ಕೋರ್ಟಿಗೇ ಕರ್ಕೊಂಡು ಬಂದು ಎದುರಿಗೆ ನಿಲ್ಲಿಸಿದ್ರೂ, ಇವನನ್ನ ನಾನು ನೋಡೇ ಇಲ್ಲ ಅಂದ್ಲು. ಸುಳ್ಳು ಹೇಳ್ಲಿಲ್ಲ ಅವಳು, ಅದೇ ಅಲ್ವಾ ಭಯ ಆಗೋದು.

1995ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿಸಿದ್ಮೇಲೆ ಕಾಟನ್ ಹೊರಗೆ ಬಂದ. ಹತ್ತು ವರ್ಷಕ್ಕಿಂತ ಜಾಸ್ತಿ ಜೈಲಲ್ಲಿದ್ದ. ಎರಡು ವರ್ಷ ಆದ್ಮೇಲೆ ಒಂದು ಚರ್ಚಲ್ಲಿ ಇಬ್ರೂ ಭೇಟಿ ಆದ್ರು, ಅವಳು ಅಳ್ತಾ ಕ್ಷಮೆ ಕೇಳಿದ್ಲು, ಅವನು ಅವಳ ಕೈ ಹಿಡ್ಕೊಂಡು ನಾನು ಯಾವತ್ತೋ ಕ್ಷಮಿಸಿದೀನಿ ಅಂದ. ಆಮೇಲೆ ಸ್ನೇಹಿತರಾದ್ರು, ಪೊಲೀಸ್ರು ಗುರುತು ಹಿಡಿಸೋ ರೀತಿ ಬದಲಾಗ್ಬೇಕು ಅಂತ ಒಟ್ಟಿಗೇ ಊರೂರು ಸುತ್ತಿ ಮಾತಾಡಿದ್ರು. ಅಂಥ ಮನಸ್ಸು ಎಲ್ಲಿಂದ ಬರುತ್ತೋ, ಕೈ ಮುಗಿಬೇಕು ಅನ್ಸುತ್ತೆ.

ಆದ್ರೆ ನನ್ನ ಹುಡುಗ ಕ್ಷಮಿಸಿದ್ನಾ? ಸುತ್ತ ಅಷ್ಟು ಜನ, ಷರ್ಟಿನ ಮೇಲಿನ ಗುಂಡಿ ಕಿತ್ತು ಹೋಗಿತ್ತು, ಅವನ ಸ್ಟಾಪ್ ಬಂದಿತ್ತು. ಪರ್ವಾಗಿಲ್ಲ ಅನ್ನದೆ ಇನ್ನೇನು ಅಂದಾನು. ನಾನು ಸಾರಿ ಅಂತಾನೂ ಸರಿಯಾಗಿ ಹೇಳ್ಲಿಲ್ಲ.

ಮೂರು ದಿನದಿಂದ ಅದೇ ಟೈಮಿನ ಬಸ್ಸು ಹತ್ತಿ ಹುಡುಕ್ತಿದೀನಿ. ನಿನ್ನೆ ಫುಟ್‌ಬೋರ್ಡ್ ಹತ್ರ ನಿಂತಿದ್ದೋನು ಅವ್ನೇ ಅಂತ ಜನರನ್ನ ತಳ್ಕೊಂಡು ಹೋಗಿ, "ತಮ್ಮಾ, ಅವತ್ತು ನಂದೇ ತಪ್ಪು" ಅಂದೆ.

"ಯಾರು ಬೇಕಿತ್ತು ಅಕ್ಕ?" ಅಂದ.