ನಳ ಬಂತೋ, ಗಾಳಿ ಬಂತೋ: ಅಲಾರಂ ಕತಿ, ಏಳನೇ ವಾರ

ಗುರುವಾರ ನಸುಕಿನ 3 ಗಂಟೆ 10 ನಿಮಿಷಕ್ಕೆ ಬಜರ್ ಹೊಡೆಯಿತು. ಎಂದಿನಂತೆ ಬೈಯುತ್ತಲೇ ಟಾರ್ಚ್ ಹಿಡಿದು ಕೆಳಗಿಳಿದೆ. ನಳದಿಂದ ನೀರು ಬರುತ್ತಿತ್ತು. ಖರೇನ ನೀರು! ನಳಕ್ಕೆ ನೀರು ಬಂದರೆ ಎಬ್ಬಿಸಲಿ ಅಂತ ನಾನೇ ಕಟ್ಟಿದ ಈ ಯಂತ್ರ ಏಳು ವಾರದಲ್ಲಿ ಮೊದಲ ಸಲ ನಿಜ ನುಡಿದಿದೆ. ಸೋಮವಾರಕ್ಕೆ ಕೊಡಬೇಕಾದ ಬಿ.ಎಡ್. ಪಾಠಯೋಜನೆಗಳಲ್ಲಿ ಇನ್ನೂ ಐದು ಬಾಕಿ ಇವೆ, ಆದರೂ ಇದನ್ನು ಮೊದಲು ಬರೆಯುತ್ತೇನೆ.

ನೋಡ್‌ಎಂಸಿಯು ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ವೈಫೈ, ಮೊಬೈಲಿಗೆ ಮೆಸೇಜು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ಒಂದು ಭಾನುವಾರದಲ್ಲಿ ಮುಗಿದವು. ಉಳಿದ ದಿನಗಳನ್ನೆಲ್ಲ ತಿಂದದ್ದು ಗಾಳಿ.

ನಮ್ಮದು ಮೇಲಿನ ಅಂತಸ್ತಿನ ಬಾಡಿಗೆ ಮನೆ. ನಳ ಕೆಳಗೆ, ಸಂಪ್ ಇಲ್ಲ. ನೀರು ಬಂದಾಗ ಪೈಪು ಹಚ್ಚಿ ಡ್ರಮ್ಮು, ಹಂಡೆ, ಸಿಂಟೆಕ್ಸ್ ತುಂಬಿಸಿಕೊಳ್ಳಬೇಕು. ತಪ್ಪಿದರೆ ಮುಂದಿನ ಸರದಿ ಐದು ದಿನಕ್ಕೋ ಎಂಟು ದಿನಕ್ಕೋ. ಸವದತ್ತಿಯ ರೇಣುಕಾಸಾಗರದಿಂದ ಅಮ್ಮಿನಭಾವಿಗೆ ಬಂದು, ಅಲ್ಲಿ ಶುದ್ಧವಾಗಿ ಧಾರವಾಡ ಮುಟ್ಟುವ ನೀರಿಗೆ ನಮ್ಮ ಓಣಿ ಹತ್ತಲು ಮಾತ್ರ ನಡುರಾತ್ರಿಯೇ ಆಗಬೇಕು. ಹುಬ್ಬಳ್ಳಿ-ಧಾರವಾಡ ಅವಳಿನಗರದ ಕೆಲವು ವಾರ್ಡುಗಳಿಗೆ 2008ರಿಂದಲೇ 24 ಗಂಟೆ ನೀರಿದೆ. ಆ ಕಡೆಯವರು ಈ ಪುಟವನ್ನು ಕಾದಂಬರಿ ಅಂತ ಓದಿಕೊಳ್ಳಿರಿ.

ಮನೆಯವರಿಗೆ ಬ್ಯಾಡಗಿಯಲ್ಲಿ ಕೆಲಸ, ಶನಿವಾರ ಬರುತ್ತಾರೆ. ಹಾಗಾಗಿ ನೀರು ಕಾಯುವುದು, ಗಿರಣಿ, ಅತ್ತೆಯವರ ಬಿಪಿ ಗುಳಿಗೆ, ಮಗಳ ಥರ್ಮಾಕೋಲ್ ಜ್ವಾಲಾಮುಖಿ, ಎಲ್ಲ ನನ್ನ ಪಾಲಿಗೆ. ರಾತ್ರಿ ಎರಡಕ್ಕೆದ್ದು ನಳ ನೋಡಿ, ಬೆಳಿಗ್ಗೆ ಅಭ್ಯಾಸ ಪಾಠಕ್ಕೆ ನಿಂತರೆ ಕಪ್ಪುಹಲಗೆಯೇ ಎರಡೆರಡು ಕಾಣುತ್ತಿತ್ತು.

ಮೊದಲು ನಳದ ಬಾಯಿಗೆ ವೈಎಫ್-ಎಸ್201 ಫ್ಲೋ ಸೆನ್ಸರ್ ಹಾಕಿದೆ, ಒಳಗಿನ ಚಕ್ರ ತಿರುಗಿದಂತೆ ಪಲ್ಸ್ ಕಳಿಸಿ ಹರಿವು ಅಳೆಯುವಂಥದ್ದು. ನಿಮಿಷಕ್ಕೆ ಒಂದು ಲೀಟರ್ ಹರಿದರೆ ಸೆಕೆಂಡಿಗೆ 7.5 ಪಲ್ಸ್, ಲೆಕ್ಕ ಸುಲಭ. ಮೊದಲ ರಾತ್ರಿಯೇ ಮೆಸೇಜು ಬಂತು: ನಿಮಿಷಕ್ಕೆ 41 ಲೀಟರ್! ಅಷ್ಟು ನೀರು ನಮ್ಮ ಓಣಿ ಶ್ರಾವಣದಲ್ಲೂ ಕಂಡಿಲ್ಲ, ಆ ಸೆನ್ಸರಿನ ಅಳತೆಯೇ 30ಕ್ಕೆ ಮುಗಿಯುತ್ತದೆ. ಇಳಿದು ನೋಡಿದರೆ ನಳ ಸುಂಯ್ ಅನ್ನುತ್ತಿದೆ, ಒಳಗಿನ ಚಕ್ರ ಜಾತ್ರೆಯ ಗಿರಗಿಟ್ಲಿಯಂತೆ ತಿರುಗುತ್ತಿದೆ.

ಸರದಿ ಇಲ್ಲದ ದಿನ ಪೈಪು ಖಾಲಿ. ವಾಲ್ವ್ ತೆಗೆದಾಗ ನೀರು ಗಾಳಿಯನ್ನು ಮುಂದೆ ದಬ್ಬುತ್ತ ಬರುತ್ತದೆ. ನಮ್ಮದು ದಿನ್ನೆಯ ಮೇಲಿನ ಕೊನೆಯ ಮನೆ, ಇಡೀ ಓಣಿಯ ಗಾಳಿ ಹೊರಬೀಳುವುದು ನಮ್ಮ ನಳದಿಂದಲೇ. ಕೆಲವು ರಾತ್ರಿ ಅರ್ಧ ತಾಸು ಗಾಳಿ ಊದಿ, ನೀರು ಬರದೆ ಹೋದದ್ದೂ ಇದೆ.

30 ಲೀಟರ್ ದಾಟಿದ್ದನ್ನು ಗಾಳಿ ಅಂತ ಬಿಟ್ಟುಬಿಡು ಎಂದು ಕೋಡ್ ತಿದ್ದಿದೆ. ಗಾಳಿಯೂ ಶಾಣ್ಯಾ ಆಯಿತು, ಮೆಲ್ಲಗೆ ಊದಿ 6 ಲೀಟರ್ ತೋರಿಸಿತು. ಎರಡು ನಿಮಿಷ ಸತತ ತಿರುಗಿದರೆ ಮಾತ್ರ ಬಾರಿಸು ಅಂದೆ, ಅದು ನಾಲ್ಕು ನಿಮಿಷ ಊದಿತು. ಆಮೇಲೆ ಪೈಪಿನ ಎಲ್ಬೋದಲ್ಲಿ (ತಿರುವಿನ ತುಂಡಿನಲ್ಲಿ) ಸ್ಟೀಲಿನ ಎರಡು ಸ್ಕ್ರೂ ಕೂರಿಸಿ, ನಡುವೆ ಕರೆಂಟ್ ಹರಿದರೆ ನೀರು ಅಂತ ಹಿಡಿದೆ. ಒಳಗೋಡೆ ಹಸಿ ಇದ್ದಷ್ಟು ಹೊತ್ತೂ ಅದು ‘ನೀರು, ನೀರು’ ಅಂತಲೇ ಕೂತಿತು. ಮೇಲಾಗಿ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಬಿಟ್ಟೇ ಇಟ್ಟಿದ್ದಕ್ಕೆ ಹತ್ತು ದಿನಕ್ಕೆ ಒಂದು ಸ್ಕ್ರೂ ಕರಗಿ ಕಡ್ಡಿಯಾಯಿತು. ತಪ್ಪು ನನ್ನದೇ, ಡಿಪ್ಲೊಮಾದಲ್ಲಿ ಇದನ್ನೇ ಓದಿ ಪಾಸಾದವಳು ನಾನು.

ಆ ಸ್ಕ್ರೂ ಹಿಡಿದು ಕಟ್ಟೆಯ ಮೇಲೆ ಕೂತಿದ್ದೆ. ಶೇಂಗಾ ಸುಲಿಯುತ್ತಿದ್ದ ಅತ್ತೆ ಕೇಳಿದರು: “ಗಾಳಿ ಬಂದ್ರ ಕೊಡ ತುಂಬತೈತೇನವಾ? ಕೊಡ ತುಂಬಿದ್ರ ನೀರು ಬಂದೈತಿ ಅಂತ. ಅದಕ್ಯಾಕ ಇಷ್ಟ ವಾಯರು?”

ನಾನು ಹರಿವು ಅಳೆಯುತ್ತಿದ್ದೆ, ಅಳೆಯಬೇಕಾದದ್ದು ತುಂಬಿದ್ದನ್ನು. ಒಂದು ಲೀಟರಿನ ಬಾಟಲಿಯ ಕುತ್ತಿಗೆ ಕೊಯ್ದು ನಳದ ಕೆಳಗೆ ತೂಗುಹಾಕಿದೆ, ಅದರಡಿ ಬಕೆಟ್. ಬಾಟಲಿಯಲ್ಲಿ 4 ಮಿ.ಮೀ. ತೂತು, ಒಳಗೆ ಫ್ಲೋಟ್ ಸ್ವಿಚ್, ಅಂದರೆ ನೀರಿನ ಮೇಲೆ ತೇಲಿ ಎದ್ದರೆ ಬಜರ್ ಹೊಡೆಸುವ ಬೆಂಡು. ಹತ್ತು ಸೆಂ.ಮೀ. ನೀರು ನಿಂತಾಗ ಆ ತೂತಿನಿಂದ ನಿಮಿಷಕ್ಕೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಸೋರುತ್ತದೆ. ಗಾಳಿಯ ಜೊತೆ ಉದುರುವ ಹನಿ ಸೋರಿಹೋಗಬೇಕು, ನಿಜವಾದ ನೀರು ಬಂದರೆ ಮಾತ್ರ ತುಂಬಿ ಫ್ಲೋಟ್ ಏಳಬೇಕು.

ಆಗಲಿಲ್ಲ. ಬಾಟಲಿ ಖಾಲಿ ಇದ್ದಾಗ ಬಜರ್ ಹೊಡೆಯಿತು, ತುಂಬಿದಾಗ ಸುಮ್ಮನಾಯಿತು. ಒಂದು ಕಡೆ ಹಂಚಿನ ಮೇಲೆ ರೊಟ್ಟಿ, ಇನ್ನೊಂದು ಕಡೆ ಲ್ಯಾಪ್‌ಟಾಪ್, ಎರಡು ತಾಸು ಕೋಡ್ ಕೆದರಿದೆ. ಮೂರು ರೊಟ್ಟಿ ಸೀದವು. ಕೊನೆಗೆ ಗೊತ್ತಾದದ್ದು, ಫ್ಲೋಟನ್ನೇ ತಲೆಕೆಳಗಾಗಿ ಪೋಣಿಸಿ ಕಳಿಸಿದ್ದಾರೆ. ಲಾಕ್ ತೆಗೆದು ತಿರುವಿ ಹಾಕಿದೆ, ಸರಿಹೋಯಿತು. ಹುಬ್ಬಳ್ಳಿಗೆ ಹೋದಾಗ ಅದನ್ನು ಮಾರಿದ ಅಂಗಡಿಯವನಿಗೆ ಹೇಳಿದರೆ, “ಹೆಂಗ್ ಹಾಕಿದ್ರೂ ಎಲ್ಲಾ ಒಂದ ರೀ ಅಕ್ಕಾರ” ಅಂದ. ಹಿಂದೆ ಪೈಪು ಜೋಡಿಸುವ ಅರ್ಧ ಇಂಚಿನ ನಿಪ್ಪಲ್ ಕೇಳಿದಾಗ ಮುಕ್ಕಾಲು ಇಂಚಿನದು ಕೊಟ್ಟು ಇದನ್ನೇ ಅಂದಿದ್ದ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಚಾರ್ಜ್ ಅವನ ಖಾತೆಗೆ ಹಚ್ಚಿದ್ದೇನೆ, ವಸೂಲಿ ಆಗುವ ಲಕ್ಷಣವಿಲ್ಲ.

ಮುಂದಿನ ಸರದಿಗೆ ಕೆಂಪು ರಾಡಿ ನೀರು ಬಂದು ತೂತು ಕಟ್ಟಿತು. ನೀರು ನಿಂತೇ ಉಳಿದು ನಳ ಹೋದ ಮೇಲೂ ಬಜರ್ ಕೂಗಿದ್ದೇ ಕೂಗಿದ್ದು, ಮನೆ ಮಾಲಕರು ಪಂಚೆ ಕಟ್ಟಿಕೊಳ್ಳುತ್ತ ಹೊರಗೆ ಬಂದರು. ಈಗ ತೂತು ತಳದಲ್ಲಿಲ್ಲ, ಎರಡು ಬೆರಳು ಮೇಲೆ ಪಕ್ಕದಲ್ಲಿದೆ, ರಾಡಿ ಕೆಳಗೆ ಕೂರುತ್ತದೆ. ಬಾಟಲಿಯ ಬಾಯಿಗೆ ಹಳೆಯ ಚಹಾ ಸೋಸುವ ಜಾಳಿಗೆ. ಗಾಳಿಯ ರಭಸಕ್ಕೆ ಫ್ಲೋಟ್ ಕುಣಿಯುತ್ತಿದ್ದದ್ದೂ ಇದರಿಂದ ನಿಂತಿತು. ಗುರುವಾರ ಹೊಡೆದದ್ದು ಇದೇ ಜೋಡಣೆ. ಬಜರ್ ಮಾಲಕರನ್ನೂ ಎಬ್ಬಿಸಿತು, ಈ ಸಲ ಅವರೂ ಕೊಡ ತಂದರು.

ಸೋರುವ ಬಾಟಲಿ ನೋಡಿ ನೋಡಿ ಈಗ ಗಳಿಗೆ ಬಟ್ಟಲಿನ ಹುಚ್ಚು ಹತ್ತಿದೆ. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಮುಳುಗಿತೆಂದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಸೋಮವಾರದ ಕಾಲಮಾಪನ ಪಾಠಕ್ಕೆ ಇದೇ ಬೋಧನೋಪಕರಣ ಅಂತ ಯೋಜನೆಯಲ್ಲಿ ಬರೆದೂ ಆಗಿದೆ. ಅಡುಗೆಮನೆಯ ಸ್ಟೀಲ್ ವಾಟಿಗೆ ಅತ್ತೆಯವರ ಕಣ್ಣು ತಪ್ಪಿಸಿ ತೂತು ಕೊರೆದೆ. ಒಂಬತ್ತೇ ನಿಮಿಷಕ್ಕೆ ಮುಳುಗಿತು. ಒಂದು ಮಿ.ಮೀ.ಗಿಂತ ಸಣ್ಣ ಡ್ರಿಲ್ ಬಿಟ್ ಬೇಕು. ಧಾರವಾಡದಲ್ಲಿ ಎಲ್ಲಿ ಸಿಗುತ್ತದೆ, ಬಲ್ಲವರು ಹೇಳಿರಿ. ಹುಬ್ಬಳ್ಳಿಯವನನ್ನು ಫೋನಿನಲ್ಲಿ ಕೇಳಿದೆ. ಎರಡು ಮಿ.ಮೀ.ದು ಐತಿ, ಎಲ್ಲಾ ಒಂದ ಅಂತ.