ಅಳಿಸಿದ ಫೈಲು ಲೆಕ್ಕ ಹಾಕುತ್ತಿತ್ತು

ಕೊಪ್ಪಳದ ನಮ್ಮ ಕಚೇರಿಯಿಂದ ಗಂಗಾವತಿ, ಕಾರಟಗಿ ಕಡೆಯ ಕೆಲವು ರೈಸ್ ಮಿಲ್ಲುಗಳಿಗೆ ತೂಕದ ಚೀಟಿಯ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ಭತ್ತದ ಟ್ರ್ಯಾಕ್ಟರ್ ವೇಬ್ರಿಡ್ಜ್ ಹತ್ತುತ್ತದೆ, ಗುಮಾಸ್ತರು ತೇವಾಂಶ ನಮೂದಿಸುತ್ತಾರೆ, ಕಡಿತ ಕಳೆದು ನಿವ್ವಳ ತೂಕದ ಚೀಟಿ ಹೊರಬರುತ್ತದೆ. ರೈತನ ಇಡೀ ಹಂಗಾಮಿನ ದುಡಿಮೆ ಆ ಚೀಟಿಯಲ್ಲಿರುತ್ತದೆ.

2018ರ ನವೆಂಬರ್, ಸುಗ್ಗಿಯ ಕಾಲ. ಒಂದು ಮಿಲ್ಲಿನವರು ತೇವಾಂಶ ಶೇ 17 ದಾಟಿದರೆ ಪ್ರತಿ ಶೇಕಡಕ್ಕೆ ಕ್ವಿಂಟಲಿಗೆ ಒಂದೂವರೆ ಕಿಲೊ ಕಡಿಯುತ್ತಿದ್ದರು. ಅದನ್ನು ಉಳಿದವರಂತೆ ಒಂದು ಕಿಲೊಗೆ ಇಳಿಸಲು ಒಪ್ಪಿದರು. ನಮ್ಮ ಪ್ರೋಗ್ರಾಂ ಮೊದಲು ಮಿಲ್ಲಿನ ಸ್ವಂತ ನಿಯಮದ ಫೈಲನ್ನು ಹುಡುಕುತ್ತದೆ, ಸಿಗದಿದ್ದರೆ ಎಲ್ಲರಿಗೂ ಇರುವ ನಿಯಮವನ್ನು ಬಳಸುತ್ತದೆ. ಆ ಸ್ವಂತ ಫೈಲನ್ನು ಅಳಿಸಿ, ಹೊಸದಾಗಿ ಇಳಿಸಿಕೊಂಡ ಪ್ರತಿಯಲ್ಲಿ ಪರೀಕ್ಷಿಸಿ, ಫೈಲುಗಳ ಬದಲಾವಣೆಗಳ ಲೆಕ್ಕವಿಡುವ ಗಿಟ್ ಎಂಬ ಸಾಧನದ ಮೂಲಕ ಅಪ್‌ಡೇಟ್ ಕಳುಹಿಸಿದೆ.

ಮರುದಿನವೇ ಗುಮಾಸ್ತರ ಫೋನು. “ಸರ್, ಹಳೆಯ ಲೆಕ್ಕವೇ ಬರುತ್ತಿದೆ. ಇಲ್ಲೊಬ್ಬ ಹಿರಿಯರು ಪಟ್ಟು ಹಿಡಿದು ನಿಂತಿದ್ದಾರೆ. ನನಗೂ ಅವರ ಲೆಕ್ಕವೇ ಸರಿ ಅನ್ನಿಸುತ್ತದೆ.” 62 ಕ್ವಿಂಟಲ್, ತೇವಾಂಶ ಶೇ 20. ಕಡಿತ 186 ಕಿಲೊ ಆಗಬೇಕಿತ್ತು, ಚೀಟಿಯಲ್ಲಿ 279 ಇತ್ತು. ವ್ಯತ್ಯಾಸ 93 ಕಿಲೊ. ನಮ್ಮ ಕಡೆ ಭತ್ತದ ಚೀಲವೆಂದರೆ 75 ಕಿಲೊ. ಒಂದು ಚೀಲವೇ ಹೋಗಿ, ಮೇಲೆ 18 ಕಿಲೊ.

ನಾನು ಬಸ್ ಹಿಡಿದು ಹೋದೆ. ಗಿಟ್ ಅನ್ನು ಕೇಳಿದರೆ ಎಲ್ಲವೂ ಸ್ವಚ್ಛ ಎಂದಿತು. ಕೊನೆಗೆ, ಯಾವ ಫೈಲಿನಿಂದ ನಿಯಮ ಬರುತ್ತಿದೆ ಎಂದು ಪ್ರೋಗ್ರಾಂನಿಂದಲೇ ಮುದ್ರಿಸಿ ನೋಡಿದೆ. ಅಳಿಸಿದ ಫೈಲಿನ ಹೆಸರೇ ಬಂತು. ಕೊನೆಯಲ್ಲಿ ‘ಪಿವೈ’ (.py) ಬದಲು ‘ಪಿವೈಸಿ’ (.pyc) ಎಂದಿತ್ತು.

ನಮ್ಮ ಪ್ರೋಗ್ರಾಂ ಬರೆದಿರುವ ಭಾಷೆ ಪೈಥಾನ್. ಅದು ಒಂದು ಫೈಲನ್ನು ಮೊದಲ ಸಲ ಆಮದು ಮಾಡಿಕೊಂಡಾಗ, ಮುಂದಿನ ಸಲ ಬೇಗ ಓದಲೆಂದು ಆ ಫೈಲಿನ ಸಂಕಲಿತ (ಕಂಪೈಲ್ ಮಾಡಿದ) ರೂಪವನ್ನು ಹೀಗೆ ಬರೆದಿಡುತ್ತದೆ. ನಾವು ಬಳಸುತ್ತಿದ್ದ 2.7 ಆವೃತ್ತಿಯಲ್ಲಿ ಅದು ಮೂಲ ಫೈಲಿನ ಪಕ್ಕದಲ್ಲೇ ಕೂರುತ್ತದೆ, ಮೂಲ ಹೋದರೂ ಅದೊಂದರಿಂದಲೇ ಕೆಲಸ ನಡೆಯುತ್ತದೆ. ಗಿಟ್ ತನ್ನ ಲೆಕ್ಕದಲ್ಲಿರುವ ಫೈಲನ್ನಷ್ಟೇ ತೆಗೆಯುತ್ತದೆ. ಪಿವೈಸಿಗಳನ್ನು ಗಮನಿಸಬೇಡ ಎಂದು ಅದಕ್ಕೆ ಬರೆದುಕೊಟ್ಟವನು ನಾನೇ. ನನ್ನ ಹೊಸ ಪ್ರತಿಯಲ್ಲಿ ಹಳೆಯದು ಯಾವುದೂ ಇರಲಿಲ್ಲ, ಹಾಗಾಗಿ ತಪ್ಪೂ ಕಾಣಲಿಲ್ಲ.

ಪೈಥಾನ್ 3.2ರಿಂದ ಈ ಫೈಲುಗಳು ಪೈಕ್ಯಾಶ್ (__pycache__) ಎಂಬ ಪ್ರತ್ಯೇಕ ಫೋಲ್ಡರಿಗೆ ಹೋಗುತ್ತವೆ, ಮೂಲವಿಲ್ಲದಿದ್ದರೆ ಅಲ್ಲಿಂದ ಓದುವುದಿಲ್ಲ. ಆದರೂ ನಿಶ್ಚಿಂತೆಯಿಲ್ಲ. ಇಡೀ ಫೋಲ್ಡರನ್ನೇ ಅಳಿಸಿದಾಗ, ಒಳಗೆ ಪೈಕ್ಯಾಶ್ ಉಳಿದಿದ್ದರೆ ಹೊರಗಿನ ಫೋಲ್ಡರೂ ಉಳಿಯುತ್ತದೆ, 3.3ರಿಂದ ಅಂಥ ಖಾಲಿ ಫೋಲ್ಡರನ್ನೂ ಪೈಥಾನ್ ಪ್ಯಾಕೇಜ್, ಅಂದರೆ ಆಮದು ಮಾಡಿಕೊಳ್ಳಬಹುದಾದ ಫೈಲುಗಳ ಗುಂಪು, ಎಂದು ಒಪ್ಪಿಕೊಳ್ಳುತ್ತದೆ. ‘ಸಿಗದಿದ್ದರೆ’ ಎಂಬ ಷರತ್ತು ಅಲ್ಲೂ ಕೈಕೊಡುತ್ತದೆ.

ಸಿಟ್ಟಿನಲ್ಲಿ ಎಲ್ಲವನ್ನೂ ಗುಡಿಸಿ ಹಾಕುವುದು ಇನ್ನೂ ಅಪಾಯ. ತನ್ನ ಲೆಕ್ಕದಲ್ಲಿಲ್ಲದ ಫೈಲುಗಳನ್ನು ಅಳಿಸುವ ‘ಗಿಟ್ ಕ್ಲೀನ್’ ಆದೇಶವನ್ನು ಮೊದಲು ಏನನ್ನೂ ಅಳಿಸದ ತಾಲೀಮಾಗಿ ಓಡಿಸಿ, ಅಳಿಯಲಿರುವ ಫೈಲುಗಳ ಪಟ್ಟಿ ನೋಡಿದಾಗ ಎದೆ ಧಸಕ್ಕೆಂದಿತು: ಪಿವೈಸಿಗಳ ಜೊತೆ ಆ ಹಂಗಾಮಿನ ಚೀಟಿಗಳ ಪಿಡಿಎಫ್ ಫೋಲ್ಡರೂ ಅದರಲ್ಲಿತ್ತು. ಅವೂ ಯಂತ್ರವೇ ಹುಟ್ಟಿಸಿದ ಫೈಲುಗಳು, ಆದರೆ ರೈತರ ದಾಖಲೆಗಳು. ಅಂದೇ ಅವುಗಳನ್ನು ಪ್ರೋಗ್ರಾಂನ ಹೊರಗೆ ಸಾಗಿಸಿದೆ.

ಈಗ ಪ್ರತಿ ಆವೃತ್ತಿಯನ್ನೂ ಹೊಸ ಫೋಲ್ಡರಿನಲ್ಲಿ ಇಳಿಸಿ, ಯಾವ ಫೋಲ್ಡರ್ ಓಡಬೇಕೆಂದು ತೋರಿಸುವ ಕೊಂಡಿಯನ್ನಷ್ಟೇ ಅದರತ್ತ ತಿರುಗಿಸುತ್ತೇವೆ. ಹಳೆಯದರ ಮೇಲೆ ಹೊಸದನ್ನು ಹರಡುವುದಿಲ್ಲ. ಪ್ರೋಗ್ರಾಂ ಶುರುವಾದಾಗ ನಿಯಮದ ಫೈಲಿನ ಪೂರ್ಣ ವಿಳಾಸ ಪರದೆಯ ಮೇಲೆ ಬರುತ್ತದೆ. ಅಪ್‌ಡೇಟ್ ಆದ ದಿನ ಗುಮಾಸ್ತರು ಅದನ್ನು ಫೋನಿನಲ್ಲಿ ಓದಿ ಹೇಳುತ್ತಾರೆ, ಆಮೇಲೆಯೇ ಮೊದಲ ಟ್ರ್ಯಾಕ್ಟರನ್ನು ಒಳಗೆ ಬಿಡುತ್ತಾರೆ.