ಅಜ್ಜಿಗೆ ಓದಿ ಹೇಳಿದ ‘ಗೃಹಭಂಗ’

1993ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ರಿಸಲ್ಟಿಗೆ ಕಾಯುತ್ತಿದ್ದೆ. ನಾವಿದ್ದದ್ದು ಹಾಸನದಲ್ಲಿ. ರಜೆ ಬಂತು ಅಂದರೆ ಅಜ್ಜಿ ಊರು, ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಹೊರಡುವ ಹಿಂದಿನ ದಿನ ಅಪ್ಪನ ಕಾರ್ಡಿನಲ್ಲಿ ಹಾಸನದ ಲೈಬ್ರರಿಯಿಂದ ಒಂದು ಪುಸ್ತಕ ತಂದುಕೊಂಡೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. ಅದನ್ನೇ ಆರಿಸಲು ದೊಡ್ಡ ಕಾರಣವೇನೂ ಇರಲಿಲ್ಲ. ಭೈರಪ್ಪನವರು ಹುಟ್ಟಿದ ಸಂತೇಶಿವರ ನಮ್ಮದೇ ತಾಲ್ಲೂಕು. ‘ನಮ್ಮ ಕಡೆಯವರು’ ಅಂತ ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಜೊತೆಗೆ ಪುಸ್ತಕ ದಪ್ಪಗಿತ್ತು, ಒಂದು ವಾರಕ್ಕೆ ಸಾಕಾಗುತ್ತೆ ಅನ್ನಿಸಿತು.

ಅಜ್ಜಿ ಮನೆಯಲ್ಲಿ ಆಗ ಹುಣಸೆಹಣ್ಣಿನ ಕಾಲ. ಮಧ್ಯಾಹ್ನ ಊಟ ಆದಮೇಲೆ ಅಜ್ಜಿ ಜಗಲಿ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಮುಂದೆ ಒಂದು ಚಪ್ಪಟೆ ಕಲ್ಲು, ಕೈಯಲ್ಲಿ ಒಂದು ಗುಂಡುಕಲ್ಲು. ಹಣ್ಣನ್ನು ಕಲ್ಲಿನ ಮೇಲಿಟ್ಟು ಟಕ್ ಅಂತ ಒಂದು ಏಟು. ಬೀಜ ಹಾರಿ ಈ ಕಡೆ, ನಾರು ಆ ಕಡೆ, ಹಣ್ಣು ಮೊರಕ್ಕೆ. ಇಡೀ ಮಧ್ಯಾಹ್ನ ಅದೇ ಸದ್ದು. ನಾನು ಕಂಬಕ್ಕೊರಗಿ ಓದುತ್ತಿದ್ದೆ.

ಮೊದಲ ದಿನ ಅಜ್ಜಿಯೇ ಕೇಳಿದಳು. ‘ಅದೇನ್ ಕೂಸೆ ಅಂಗೆ ಬಗ್ಗಿ ನೋಡ್ತಿದ್ದೀಯ? ನಂಗೂ ವಸಿ ಕೇಳ್ಸಂಗೆ ಓದು.’

ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಸೊಸೈಟಿಯಲ್ಲಿ, ಪಹಣಿಗೆ, ಎಲ್ಲ ಕಡೆ ಹೆಬ್ಬೆಟ್ಟು. ಹಾಗಾಗಿ ಜೋರಾಗಿ ಓದಲು ಶುರು ಮಾಡಿದೆ. ಶುರುವಿನಲ್ಲೇ ಕಥಾನಾಯಕಿ ನಂಜಮ್ಮನ ಅತ್ತೆ ಗಂಗಮ್ಮನ ಬಾಯಿ. ಆ ಬೈಗುಳಗಳನ್ನು ಅಜ್ಜಿಯ ಮುಂದೆ ಹೇಗೆ ಓದೋದು? ನಾಚಿಕೆಯಾಗಿ ಒಂದೆರಡು ಮಾತು ನುಂಗಿದೆ. ಅಜ್ಜಿ ಕಂಡುಹಿಡಿದುಬಿಟ್ಟಳು. ‘ಬುಟ್ಬುಟ್ಟು ಓದ್ಬೇಡ. ಅವ್ಳು ಏನಂದ್ಳೋ ಅದ್ನೇ ಓದು’ ಅಂದಳು. ಓದಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕಥೆ ನಡೆಯುವುದು ನಮ್ಮದೇ ಸೀಮೆಯಲ್ಲಿ, ತಿಪಟೂರು-ಚನ್ನರಾಯಪಟ್ಟಣದ ಕಡೆ, ಸ್ವಾತಂತ್ರ್ಯಕ್ಕೆ ಮುಂಚೆ. ಪುಸ್ತಕದ ಮಾತು ಅಜ್ಜಿಗೆ ಎಲ್ಲೂ ತೊಡಕಾಗಲಿಲ್ಲ. ತೊಡಕಾಗಿದ್ದು ನನಗೆ. ಶ್ಯಾನುಭೋಗಿಕೆ ಅಂದರೇನು, ಜಮಾಬಂದಿ ಅಂದರೇನು, ಹಾಸನದಲ್ಲಿ ಬೆಳೆದ ನನಗೆ ಎಲ್ಲಿ ಗೊತ್ತು? ಶ್ಯಾನುಭೋಗಿಕೆ ಅಂದರೆ ಊರಿನ ಕಂದಾಯದ ಲೆಕ್ಕ ಬರೆಯೋ ಕೆಲಸ, ಜಮಾಬಂದಿ ಅಂದರೆ ಆ ಲೆಕ್ಕದ ವರ್ಷದ ತಪಾಸಣೆ ಅಂತ ಅಜ್ಜಿ ಕಲ್ಲು ಕುಟ್ಟುತ್ತಲೇ ಬಿಡಿಸಿ ಹೇಳುತ್ತಿದ್ದಳು. ಗಂಡ ಚೆನ್ನಿಗರಾಯನ ಹೆಸರಿನ ಲೆಕ್ಕವನ್ನೆಲ್ಲ ನಂಜಮ್ಮ ಕೂತು ಬರೆಯುತ್ತಾಳಲ್ಲ, ಅದು ಅಜ್ಜಿಯ ಮನಸ್ಸಿಗೆ ತುಂಬ ನಾಟಿತು. ‘ನೋಡು, ಬರೆಯೋಳು ಇವ್ಳು, ಎಸ್ರು ಅವುಂದು’ ಅಂತ ಅವತ್ತು ರಾತ್ರಿ ಅತ್ತೆಗೂ ಹೇಳಿದಳು, ಪಕ್ಕದ ಮನೆಯವಳಿಗೂ ಹೇಳಿದಳು. ಮಾರನೇ ದಿನ ಆ ಪಕ್ಕದ ಮನೆಯವಳೂ ಬಂದು ಕೂತಳು. ಅವಳ ಕೈಗೂ ಒಂದು ಕಲ್ಲು ಸಿಕ್ಕಿತು. ನಂಜಮ್ಮ ಮನೆ ನಡೆಸಲು ಮುತ್ತುಗದ ಎಲೆ ಹಚ್ಚುವ ಜಾಗ ಬಂದಾಗ ಇಬ್ಬರೂ ಎಲೆ ಹೇಗೆ ಒಣಗಿಸಬೇಕು, ಯಾವ ಕಡ್ಡಿ ಒಳ್ಳೆಯದು ಅಂತ ಮಾತಿಗಿಳಿದರು. ಓದು ಅರ್ಧ ಗಂಟೆ ನಿಂತಿತು. ನನಗೆ ಸ್ವಲ್ಪವೂ ಬೇಸರವಾಗಲಿಲ್ಲ.

ಐದನೇ ದಿನವೋ ಆರನೇ ದಿನವೋ ಊರಿಗೆ ಪ್ಲೇಗ್ ಬಂತು. ಪುಸ್ತಕದ ಊರಿಗೆ.

‘ಇಲಿ ಬಿತ್ತಾ?’ ಅಂದಳು ಅಜ್ಜಿ, ನಾನು ಇನ್ನೂ ಆ ಸಾಲಿಗೆ ಬರುವ ಮೊದಲೇ. ‘ಇಲಿ ಬಿತ್ತು ಅಂದ್ರೆ ಮುಗೀತು. ಗಂಟುಮೂಟೆ ಕಟ್ಟೋದೇ.’

ಮೈಸೂರು ಸೀಮೆಗೆ ಪ್ಲೇಗ್ ಕಾಲಿಟ್ಟಿದ್ದು 1898ರಲ್ಲಿ. ಆಮೇಲೆ ಎಷ್ಟೋ ವರ್ಷ ಅದು ಹೋಗಿ ಬಂದು ಮಾಡುತ್ತಲೇ ಇತ್ತು. ಮೊದಲು ಇಲಿಗಳು ಸಾಯುತ್ತವೆ. ಸತ್ತ ಇಲಿಯ ಮೈ ಬಿಟ್ಟ ಚಿಗಟ ಮನುಷ್ಯರ ಮೇಲೆ ಬೀಳುತ್ತೆ. ಜ್ವರ ಬರುತ್ತೆ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಏಳುತ್ತೆ. ಇದೆಲ್ಲ ನಾನು ಮುಂದೆ ಓದಿ ತಿಳಿದದ್ದು. ಅಜ್ಜಿಗೆ ಚಿಗಟದ ವಿಷಯ ಗೊತ್ತಿರಲಿಲ್ಲ. ಇಲಿ ಬಿದ್ದ ಮನೆಯಲ್ಲಿ ಮಲಗಬಾರದು ಅನ್ನೋದು ಗೊತ್ತಿತ್ತು. ಅದಕ್ಕೇ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಿಗೆ ಹೋಗಿ ಗುಡ್ಲು ಹಾಕಿಕೊಳ್ಳುತ್ತಿತ್ತು.

‘ನಾವೂ ಹಾಕ್ಕಂಡಿದ್ವಲ್ಲ’ ಅಂದಳು ಅಜ್ಜಿ. ‘ತೆಂಗಿನ ಗರಿ ಹೊದಿಸಿ. ನಮ್ ಗುಡ್ಲು ಹೊಲದಲ್ಲೇ.’

ನಾನು ಓದುವುದನ್ನು ನಿಲ್ಲಿಸಿದೆ. ಗುಡ್ಲು ಹೊಲ ಕೆರೆಯ ಆಚೆಗಿದೆ. ಅಜ್ಜಿಯ ತವರೂ ಅದೇ ಊರು, ಆ ಹೊಲ ತವರಿನಿಂದ ಬಂದದ್ದು. ಚಿಕ್ಕಂದಿನಿಂದ ಅಲ್ಲಿ ಆಡಿದ್ದೇನೆ, ಹಸಿ ಕಡಲೆಕಾಯಿ ಕಿತ್ತು ತಿಂದಿದ್ದೇನೆ. ಅಲ್ಲಿ ಒಂದು ಗುಡ್ಲೂ ಇಲ್ಲ. ಯಾಕೆ ಆ ಹೆಸರು ಅಂತ ಒಂದು ದಿನವೂ ಕೇಳಿರಲಿಲ್ಲ. ನಮ್ಮ ಅಪ್ಪನೂ ಕೇಳಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

‘ಓದು’ ಅಂದಳು ಅಜ್ಜಿ.

ಓದಿದೆ. ನಂಜಮ್ಮನ ಮಕ್ಕಳು ಪಾರ್ವತಿ, ರಾಮಣ್ಣ ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ. ಬೆಳೆದ ಮಕ್ಕಳು. ನನ್ನದೇ ವಾರಿಗೆಯವರು. ನನ್ನ ಗಂಟಲು ಕಟ್ಟಿ ಬಂತು, ಆದರೂ ಓದುತ್ತಾ ಹೋದೆ. ಏನೋ ಕಮ್ಮಿಯಾದ ಹಾಗೆ ಅನ್ನಿಸಿ ತಲೆಯೆತ್ತಿದೆ. ಕಲ್ಲಿನ ಸದ್ದು ನಿಂತಿತ್ತು.

ಅಜ್ಜಿಯ ಕೈ ಮೇಲೆತ್ತಿದ್ದು ಹಾಗೇ ಇತ್ತು. ಕಲ್ಲಿನ ಮೇಲೆ ಅರ್ಧ ಒಡೆದ ಹಣ್ಣು. ಬೆರಳ ಸಂದಿಯಲ್ಲೆಲ್ಲ ಹುಣಸೆಯ ಕಂದು ಬಣ್ಣ. ಅಳುತ್ತಿರಲಿಲ್ಲ. ಕೆರೆಯ ಕಡೆ ನೋಡುತ್ತಿದ್ದಳು.

‘ಮುಚ್ಚು ಅದ್ನ’ ಅಂದಳು.

ಅವತ್ತು ಮತ್ತೆ ಓದಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಅವಳೇ ಹೇಳಿದಳು. ಅಜ್ಜಿಗೆ ಆಗ ಎಂಟೋ ಒಂಬತ್ತೋ ವರ್ಷ. ಒಬ್ಬಳು ತಂಗಿ ಇದ್ದಳು. ಗುಡ್ಲಿಗೆ ಬಂದ ಮೂರನೇ ದಿನ ತಂಗಿಗೆ ಜ್ವರ. ದೂರದಲ್ಲಿ ಬೇರೆ ಒಂದು ಸಣ್ಣ ಗುಡ್ಲು ಹಾಕಿ ಅವಳನ್ನು ಅಲ್ಲಿ ಮಲಗಿಸಿದರು. ಅಪ್ಪ ಮಾತ್ರ ಹೋಗಿ ಬರುತ್ತಿದ್ದ. ಮಕ್ಕಳು ಯಾರೂ ಆ ಕಡೆ ಸುಳಿಯೋ ಹಾಗಿಲ್ಲ.

‘ರಾತ್ರಿ ಕೂಗ್ತಿತ್ತು ಕಣ್ ಕೂಸೆ. ಅಕ್ಕಾ ನೀರು, ಅಕ್ಕಾ ನೀರು ಅಂತ. ಅವ್ವನ್ನ ಕರೀನಿಲ್ಲ, ನನ್ನೇ ಕರೀತಿತ್ತು. ಯಾವಾಗ್ಲೂ ನಾನೇ ಅಲ್ವಾ ಕೊಡ್ತಿದ್ದದ್ದು. ನಾ ಎದ್ದೆ. ಅವ್ವ ಕೈ ಬುಡ್ನಿಲ್ಲ.’

ಬೆಳಿಗ್ಗೆ ಆ ಸಣ್ಣ ಗುಡ್ಲಿಗೆ ಬೆಂಕಿ ಇಟ್ಟಿದ್ದರಂತೆ.

ತಂಗಿಯ ಹೆಸರು ಕೇಳಿದೆ. ‘ಏನೋ ದೇವ್ರ ಎಸ್ರು. ಎಲ್ರೂ ಕರೀತಿದ್ದದ್ದು ಚಿಕ್ಕಿ ಅಂತ’ ಅಂದಳು.

ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ ಹೆಣ್ಣುಗರುಗಳಿಗೆಲ್ಲ ಅಜ್ಜಿ ಇಡುತ್ತಿದ್ದ ಹೆಸರು ಚಿಕ್ಕಿ. ಒಂದು ಚಿಕ್ಕಿ ದೊಡ್ಡದಾಗಿ ಕರು ಹಾಕಿದರೆ ಆ ಕರುವೂ ಚಿಕ್ಕಿ. ಹಣೆಯ ಮೇಲೆ ಬಿಳಿ ಚುಕ್ಕಿ ಇರುತ್ತಲ್ಲ, ಅದಕ್ಕೇ ಆ ಹೆಸರು ಅಂತ ನಾವು ಮಕ್ಕಳೆಲ್ಲ ಅಂದುಕೊಂಡಿದ್ದೆವು. ಚುಕ್ಕಿಯೇ ಇಲ್ಲದ ಕೆಂದ ಕರುವೂ ಚಿಕ್ಕಿಯೇ ಆಗಿತ್ತು. ಅವತ್ತು ಕೂಡ ಒಂದು ಚಿಕ್ಕಿ ನಮ್ಮ ಹಿಂದೆ ನಿಂತು ಹುಲ್ಲು ಎಳೆಯುತ್ತಿತ್ತು.

‘ಗೃಹಭಂಗ’ ಬಂದದ್ದು 1970ರಲ್ಲಿ. ನಾನು ಓದುವ ಹೊತ್ತಿಗೆ ಎಷ್ಟು ಮನೆಗಳಲ್ಲಿ ಎಷ್ಟು ಜನ ಅದನ್ನು ಓದಿ ಅತ್ತಿದ್ದರೋ. ಭೈರಪ್ಪನವರೂ ಚಿಕ್ಕ ವಯಸ್ಸಿನಲ್ಲೇ ತಾಯಿಯನ್ನು, ಒಡಹುಟ್ಟಿದವರನ್ನು ಪ್ಲೇಗಿಗೆ ಕಳೆದುಕೊಂಡವರು ಅಂತ ಮುಂದೆ ಅವರ ಆತ್ಮಕಥೆ ‘ಭಿತ್ತಿ’ ಓದಿದಾಗ ತಿಳಿಯಿತು. ಅದನ್ನು ಓದುವಾಗಲೂ ನನ್ನ ಕಿವಿಯಲ್ಲಿ ಕಲ್ಲಿನ ಸದ್ದೇ ಇತ್ತು. 2025ರ ಸೆಪ್ಟೆಂಬರ್ 24ರಂದು ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಮೊದಲು ನೆನೆದದ್ದು ಅಜ್ಜಿಯನ್ನು. ನಮ್ಮ ಮನೆಯಲ್ಲಿ ಅರವತ್ತು ವರ್ಷ ಯಾರೂ ಕೇಳದ ಮಾತನ್ನು ಆ ಪುಸ್ತಕ ಕೇಳಿತ್ತು. ಆಮೇಲೆ ನಾನೂ ಕೇಳುವುದನ್ನು ಕಲಿತೆ. ಹೊಲದ ಹೆಸರು, ಬಾವಿಯ ಹೆಸರು, ಹಳೇ ಫೋಟೋದಲ್ಲಿ ಮೂಲೆಗೆ ನಿಂತವರ ಹೆಸರು. ವಯಸ್ಸಾದವರ ಪಕ್ಕ ಕೂತರೆ ಇವತ್ತಿಗೂ ಕೇಳುತ್ತೇನೆ.

ಎರಡು ದಿನ ಅಜ್ಜಿ ಪುಸ್ತಕದ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಬ್ಬಳೇ ಓದಬಹುದಿತ್ತು, ಕೈ ಬರಲಿಲ್ಲ. ಮೂರನೇ ದಿನ ಊಟವಾದ ಮೇಲೆ ಮೊರ ತಂದಿಟ್ಟುಕೊಂಡು, ‘ತತ್ತಾ, ಓದು. ಆ ಯಮ್ಮ ಏನಾದ್ಳೋ ನೋಡನ’ ಅಂದಳು. ನಂಜಮ್ಮನನ್ನೂ ಪ್ಲೇಗ್ ಕರೆದುಕೊಂಡು ಹೋಯಿತು. ಅಜ್ಜಿ ಕಲ್ಲು ಕುಟ್ಟುವುದನ್ನು ಬಿಡಲಿಲ್ಲ. ಮೆಲ್ಲಗೆ ಕುಟ್ಟುತ್ತಿದ್ದಳು, ಒಂದು ಮಾತೂ ತಪ್ಪಿಹೋಗಬಾರದು ಅನ್ನೋ ಹಾಗೆ. ಕೊನೆಗೆ ಉಳಿದ ಹುಡುಗ ವಿಶ್ವನನ್ನು ಊರಿನ ಜಂಗಮ ಮಾದೇವಯ್ಯನವರು ಕರೆದುಕೊಂಡು ಊರು ಬಿಡುತ್ತಾರೆ. ಅಲ್ಲಿಗೆ ಮುಗಿಯಿತು.

‘ಆಮೇಲೆ?’ ಅಂದಳು ಅಜ್ಜಿ.

‘ಅಷ್ಟೇ ಅಜ್ಜಿ.’

‘ಆ ರಾತ್ರಿ ಮಗೀಗೆ ಯಾರಾದ್ರೂ ಉಣ್ಣಾಕಿಕ್ಕಿದ್ರಾ?’

ಹಾಳೆ ಮಗುಚಿ ನೋಡಿದೆ. ಖಾಲಿ ಪುಟ. ಅದರ ಹಿಂದೆ ಲೈಬ್ರರಿಯ ಚೀಟಿ.

‘ಇಕ್ಕಿದ್ರು ಅಜ್ಜಿ’ ಅಂದೆ. ‘ನೀರೂ ಕೊಟ್ರು.’